ನಕ್ಷತ್ರದ ಚೀಟಿ

ಫೆಬ್ರವರಿ 6, ಗುರುವಾರ

ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ಹೇಳಬಾರದೆಂದು ಕಾಗದಕ್ಕೆ ಸಹಿ ಬೇರೆ ಹಾಕಿಸಿಕೊಂಡು ಹೋಗಿದ್ದಾರೆ. ಮನೆಯವರಿಗೆ ಹೇಳಬಹುದಿತ್ತು, ಆದರೆ ಅವರು ದಿನವೆಲ್ಲ ಲಿಫ್ಟು ರಿಪೇರಿ ಮಾಡಿ ಸುಸ್ತಾಗಿ ಬಂದು ನನ್ನ ಎರಡನೇ ಮಾತಿಗೇ ಗೊರಕೆ ಹೊಡೆಯುತ್ತಾರೆ. ಹಾಗಾಗಿ ದಾರದ ಅಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿಗೆ ಇವತ್ತು ಯೋಗ ಕೂಡಿ ಬಂತು.

ಬೆಳಿಗ್ಗೆ ನನ್ನ ಟೇಲರ್ ಅಂಗಡಿಗೆ ಕಂಪ್ಯೂಟರ್ ಗೇಮ್ ಮಾಡುವ ಕಂಪನಿಯಿಂದ ಇಬ್ಬರು ಬಂದಿದ್ದರು. ಒಬ್ಬರು ಮ್ಯಾನೇಜರ್ ಮೇಡಂ. ಇನ್ನೊಬ್ಬ ಗಡ್ಡದ ಹುಡುಗ, ಗೊಂಬೆಗಳ ಚಿತ್ರ ಬಿಡಿಸುವವನಂತೆ. ಅವನ ಟೀ ಶರ್ಟ್ ಎಷ್ಟು ಬಿಗಿಯಾಗಿತ್ತೆಂದರೆ ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಉಸಿರಾಡಲು ಬಿಡೋಣವೇ ಎನಿಸಿತು. ಅವರ ಹೊಸ ಗೇಮು ಮಾರ್ಚ್ ಕೊನೆಗೆ ಬಿಡುಗಡೆ. ಅದರಲ್ಲಿ ಒಬ್ಬಳು ಯೋಧೆ ಇದ್ದಾಳೆ, ಅವಳ ಉಡುಪನ್ನು ನಿಜವಾಗಿ ಹೊಲಿಯಬೇಕು, ವೇದಿಕೆಯ ಮೇಲೆ ಒಬ್ಬ ಮಾಡೆಲ್ ಹುಡುಗಿ ಅದನ್ನು ಹಾಕಿಕೊಂಡು ನಡೆಯುತ್ತಾಳೆ. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು.

ಚಿತ್ರ ತೋರಿಸಿದರು. ಗಂಡು ಯೋಧನಿಗೆ ಕತ್ತಿನಿಂದ ಕಾಲಿನ ಹೆಬ್ಬೆರಳಿನವರೆಗೂ ಕಬ್ಬಿಣ. ಭುಜ ನೋಡಿದರೆ ನಮ್ಮ ಬಾಗಿಲಲ್ಲಿ ಅಡ್ಡಡ್ಡ ನಡೆದು ಒಳಗೆ ಬರಬೇಕು. ಹೆಣ್ಣು ಯೋಧೆಗೆ ಎದೆಗೆ ಒಂದು ತುಂಡು, ಸೊಂಟಕ್ಕೆ ಒಂದು ತುಂಡು, ನಡುವೆ ಹೊಟ್ಟೆ ಪೂರ್ತಿ ಬಟಾಬಯಲು.

"ಬಾಣ ಬಿಟ್ರೆ ಇವಳ ಹೊಟ್ಟೆಗೆ ತಾಗಲ್ವೇನಪ್ಪಾ?" ಎಂದೆ.

"ಗೇಮ್ ಅಲ್ವಾ ಆಂಟಿ, ಹಾಗೆಲ್ಲ ತಾಗಲ್ಲ," ಎಂದು ನಕ್ಕ.

"ಹಾಗಾದ್ರೆ ಅವನಿಗ್ಯಾಕೆ ಅಷ್ಟೊಂದು ಕಬ್ಬಿಣ?"

ಹುಡುಗ ಗಡ್ಡ ಕೆರೆದುಕೊಂಡ. ಮೇಡಂ ಮಾತು ಬದಲಾಯಿಸಿದರು.

ಮಾಡೆಲ್ ಹುಡುಗಿ ಇನ್ನೂ ನಿಗದಿಯಾಗಿಲ್ಲವಂತೆ. "ಗೇಮಲ್ಲಿರೋ ಅಳತೆಗೇ ಹೊಲೀರಿ, ಅದಕ್ಕೆ ಸರಿಹೋಗೋರನ್ನ ನಾವು ಹುಡುಕ್ತೀವಿ," ಎಂದು ಮೇಡಂ ಒಂದು ಹಾಳೆ ಕೊಟ್ಟರು. ಎಲ್ಲ ಸೆಂಟಿಮೀಟರು. ಅವರು ಹೋದ ಮೇಲೆ ಕೂತು ಇಂಚಿಗೆ ತಿರುಗಿಸಿ ನನ್ನ ಅಳತೆ ಚೀಟಿಯಲ್ಲಿ ಬರೆದುಕೊಂಡೆ. ಎತ್ತರ ಐದಡಿ ಹತ್ತು. ಹಿಂಭಾಗ ಮೂವತ್ತೆಂಟು. ಸೊಂಟ ಹದಿನೆಂಟೂವರೆ! ನನ್ನ ಲೆಕ್ಕವೇ ತಪ್ಪಿರಬೇಕೆಂದು ಎರಡು ಸಲ ಮಾಡಿದೆ. ಫೋನ್ ಹಚ್ಚಿದರೆ ಗಡ್ಡದವನು, "ಕರೆಕ್ಟಾಗೇ ಇದೆ ಆಂಟಿ," ಎಂದ. ಈಗಿನ ಹುಡುಗಿಯರು ಹೇಗೆ ಹೇಗಿರುತ್ತಾರೋ, ನನಗೇನು ಗೊತ್ತು.

ನನ್ನ ಅಂಗಡಿಯಲ್ಲಿ ಚೀಟಿಗೆ ಹೆಸರು ಬರೆಯುವ ಪದ್ಧತಿಯಿಲ್ಲ. ಹಿಂದೊಮ್ಮೆ ಒಬ್ಬಾಕೆ ಮೊಳೆಗೆ ಸಿಕ್ಕಿಸಿದ್ದ ತನ್ನ ನಾದಿನಿಯ ಚೀಟಿ ಓದಿ, ಅದನ್ನು ಕುಟುಂಬಕ್ಕೆಲ್ಲ ಸಾರಿ, ದೊಡ್ಡ ರಾಮಾಯಣವೇ ಆಗಿತ್ತು. ಅವತ್ತಿನಿಂದ ಬರೀ ಗುರುತು: ಒಬ್ಬರಿಗೆ ಎಲೆ, ಒಬ್ಬರಿಗೆ ಛತ್ರಿ, ಒಬ್ಬರಿಗೆ ಮೀನು. ಇದಕ್ಕೆ ನಕ್ಷತ್ರ ಹಾಕಿ ಕಟಿಂಗ್ ಮೇಜಿನ ಮೇಲಿನ ಮೊಳೆಗೆ ಸಿಕ್ಕಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಟೇಪು ಹಿಡಿಯದೆ ಬರೆದ ಮೊದಲ ಚೀಟಿ ಇದು.

ಫೆಬ್ರವರಿ 9, ಭಾನುವಾರ

ಮಗಳು ಗುಂಡು ಈಜಿ ಬಂದು ಅಂಗಡಿಯಲ್ಲೇ ಕೂತಿದ್ದಳು. ಹುಟ್ಟಿದಾಗ ನಾಲ್ಕು ಕಿಲೋಗೆ ಹತ್ತಿರ ಇದ್ದಳು, ನಮ್ಮತ್ತೆ ಎತ್ತಿಕೊಂಡು 'ಗುಂಡು' ಎಂದರು, ಅದೇ ಉಳಿಯಿತು. ಈಗ ಹದಿನೇಳು. ಹೆಸರಿಗೆ ತಕ್ಕ ಹಾಗೇ ಇದ್ದಾಳೆ. ಹೊಸ ಫ್ರಾಕಿಗೆ ಅಳತೆ ತೆಗೆಯುವಾಗ ಭುಜಕ್ಕೆ ಟೇಪು ಹಿಡಿದು, "ಅಯ್ಯೋ ಗುಂಡೂ, ನಿಮ್ಮಪ್ಪನ ಶರ್ಟೂ ನಿಂಗೆ ಸಾಲಲ್ವಲ್ಲೇ! ಈಜೋದು ಒಂಚೂರು ಕಮ್ಮಿ ಮಾಡು, ಇಲ್ದಿದ್ರೆ ಯಾವ ಬಟ್ಟೆ ತಾನೇ ನಿಲ್ಲುತ್ತೆ ಮೈಮೇಲೆ," ಎಂದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಅವಳೂ ನಕ್ಕಳು. ನನ್ನ ಮಗಳಿಗೆ ತಮಾಷೆ ಅರ್ಥವಾಗುತ್ತದೆ, ಬೇರೆಯವರ ಮಕ್ಕಳ ಹಾಗೆ ಮೂತಿ ಉಬ್ಬಿಸುವುದಿಲ್ಲ.

ಆಮೇಲೆ ಮೊಳೆಯ ಚೀಟಿಗಳನ್ನು ತಿರುವಿ ಹಾಕುತ್ತಾ, "ಅಮ್ಮಾ, ಈ ನಕ್ಷತ್ರ ಯಾರು?" ಎಂದು ಕೇಳಿದಳು.

"ಗಿರಾಕಿ ಗುಟ್ಟು ಕೇಳಬಾರದು," ಎಂದೆ. ಸಹಿ ಹಾಕಿದ್ದೇನಲ್ಲ.

"ನಿಜವಾಗ್ಲೂ ಸೊಂಟ ಹದಿನೆಂಟೂವರೆನಾ?"

"ನನ್ನ ಚೀಟೀಲಿ ಯಾವತ್ತಾದ್ರೂ ಸುಳ್ಳು ಇರುತ್ತೇನೇ?" ಎಂದು ಜಂಬ ಕೊಚ್ಚಿಕೊಂಡೆ. ಅವಳು ಚೀಟಿಯನ್ನು ಇನ್ನೊಂದು ಸಲ ಓದಿ ಮೊಳೆಗೆ ಸಿಕ್ಕಿಸಿದಳು.

ಫೆಬ್ರವರಿ 14, ಶುಕ್ರವಾರ

ಈ ಯೋಧೆಯ ಸಹವಾಸದಲ್ಲಿ ತಲೆ ಕೆಟ್ಟು ಹೋಗಿದೆ. ಅಂಗಡಿಯ ಬೊಂಬೆಗೆ ತೊಡಿಸಿ ನೋಡೋಣವೆಂದರೆ ಬೊಂಬೆಯ ಸೊಂಟವೇ ಇಪ್ಪತ್ತನಾಲ್ಕು. ಕೊನೆಗೆ ಮನೆಯವರ ಸಾಮಾನಿನ ಮೂಲೆಯಿಂದ ಒಂದು ದಪ್ಪ ಪೈಪು ಎಳೆದುಕೊಂಡು ಬಂದು, ಅದಕ್ಕೆ ಬಟ್ಟೆ ಸುತ್ತಿ ಹದಿನೆಂಟೂವರೆ ಮಾಡಿ, ಅದರ ಮೇಲೆ ರೆಕ್ಸಿನ್ ತುಂಡು ಜೋಡಿಸುತ್ತಿದ್ದೇನೆ. "ಅದು ನೀರಿನ ಪೈಪು ಮಾರಾಯ್ತಿ," ಎಂದರು ಮನೆಯವರು. "ಇವತ್ತಿಂದ ಅದು ಸೊಂಟ," ಎಂದೆ. ಯಾರಾದರೂ ಬಂದರೆ ಮೇಲೆ ಹಳೆಯ ದುಪ್ಪಟಿ ಹೊದಿಸುತ್ತೇನೆ.

ಗುಂಡು ಅಂತೂ ದಾರಿಗೆ ಬಂದಿದ್ದಾಳೆ. ರಾತ್ರಿ ಊಟ ಬೇಡವೆನ್ನುತ್ತಾಳೆ, ಗೆಳತಿಯ ಮನೆಯಲ್ಲೇ ಆಯಿತಂತೆ. ಮುಖ ಚೂಪಾಗಿ ಕಳೆ ಬಂದಿದೆ. ಪಕ್ಕದ ಮನೆಯ ಟೀಚರಮ್ಮ ಕೂಡ, "ಮಗಳು ಇಳಿದಿದಾಳಲ್ರೀ, ಏನು ಮಾಡಿದ್ರಿ?" ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿ. ಹೇಳಿ ಹೇಳಿ ಸಾಕಾಗಿತ್ತು, ಅಂತೂ ನನ್ನ ಮಾತು ಅವಳ ಕಿವಿಗೆ ಬಿತ್ತು.

ಫೆಬ್ರವರಿ 20, ಗುರುವಾರ

ಎರಡನೇ ಟೇಪು ಕಾಣಿಸುತ್ತಿಲ್ಲ. ಮೂರು ದಿನದಿಂದ ಹುಡುಕಿ ಸಾಕಾಯಿತು.

ಗುಂಡುವಿನ ಹೊಸ ಫ್ರಾಕು ಆಗಲೇ ಸಡಿಲ. ಸಂತೋಷದಿಂದ ಎರಡು ಇಂಚು ಹಿಡಿದುಕೊಟ್ಟೆ. ಈ ಸೆಕೆಯಲ್ಲೂ ಅವಳು ಅಪ್ಪನ ಸ್ವೆಟರ್ ಹಾಕಿಕೊಂಡು ಓಡಾಡುತ್ತಾಳೆ. ಏನಾದರೂ ಕೇಳಿದರೆ ಸಿಡುಕು. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕಿರಬೇಕು.

ಫೆಬ್ರವರಿ 27, ಗುರುವಾರ

ಗುಂಡು ಈಜುಕೊಳದ ಕಟ್ಟೆಯ ಮೇಲೆ ತಲೆ ಸುತ್ತಿ ಬಿದ್ದಳು. ಕೋಚ್ ಫೋನ್ ಮಾಡಿದರು. ಕತ್ತರಿ ಹಿಡಿದುಕೊಂಡೇ ರಸ್ತೆಗೆ ಓಡಿದ್ದೆನಂತೆ, ಟೀಚರಮ್ಮ ಹಿಂದೆ ಬಂದು ಕೈಯಿಂದ ತೆಗೆದುಕೊಂಡರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿದ್ದಾರೆ. ಇನ್ನು ಎರಡೇ ಹೆಜ್ಜೆ ಮುಂದೆ ಹೋಗಿದ್ದರೆ ನೀರಿಗೇ ಬೀಳುತ್ತಿದ್ದಳು.

ಫೆಬ್ರವರಿ 28, ಶುಕ್ರವಾರ

ಡಾಕ್ಟರಮ್ಮ ನನ್ನನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿದರು. ಮೂರು ವಾರದಿಂದ ಹುಡುಗಿ ಹೊಟ್ಟೆಗೆ ಏನೂ ಸರಿಯಾಗಿ ಹಾಕಿಲ್ಲ. ಗೆಳತಿಯ ಮನೆಯ ಊಟವೆಲ್ಲ ಸುಳ್ಳು. ಇದು ಸೊಕ್ಕಲ್ಲ, ಹಟವಲ್ಲ, ಇದೊಂದು ಕಾಯಿಲೆಯ ಶುರು, ಬೇಗ ಸಿಕ್ಕಿದ್ದು ಪುಣ್ಯ ಎಂದರು.

"ನಿಮಗೆ ಗೊತ್ತಾಗಲಿಲ್ವಾ?" ಎಂದು ಕೇಳಿದರು. ಬೈಯುವ ಧಾಟಿಯಲ್ಲಿ ಕೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು. ನನಗೆ ಗೊತ್ತಾಗಿತ್ತು. ಗೊತ್ತಾಗಿ ಖುಷಿಪಟ್ಟಿದ್ದೆ.

ಬಟ್ಟೆ ತರಲು ಮನೆಗೆ ಬಂದು ಅವಳ ಬೀರು ತೆಗೆದರೆ ನನ್ನ ಟೇಪು ಅಲ್ಲಿತ್ತು. ಒಂದು ನೋಟ್ ಪುಸ್ತಕದ ಸುತ್ತ ಸುತ್ತಿಟ್ಟಿದ್ದಳು. ಪುಸ್ತಕ ಬಿಚ್ಚಿದೆ. ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದಾಳೆ. ಒಂದರ ತಲೆಯಲ್ಲಿ ನಕ್ಷತ್ರ. ಕೆಳಗೆ ಕತ್ತು, ತೋಳು, ಸೊಂಟ, ತೊಡೆ, ನನ್ನ ಚೀಟಿಯಿಂದ ಹಾಗೆ ಹಾಗೇ ಇಳಿಸಿದ್ದಾಳೆ. ಇನ್ನೊಂದರ ತಲೆಯಲ್ಲಿ 'ಗುಂಡು' ಎಂದು ಬರೆದು, ಅದರ ಕೆಳಗೆ ತನ್ನ ಅಳತೆ. ಪ್ರತಿ ದಿನದ್ದೂ ಇದೆ. ಬೆಳಿಗ್ಗೆ ಒಂದು, ಸಂಜೆ ಒಂದು.

ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಮಾರ್ಚ್ 2, ಭಾನುವಾರ

ಮನೆಗೆ ಕರೆದುಕೊಂಡು ಬಂದಿದ್ದೇವೆ. ಮಧ್ಯಾಹ್ನ ಅವಳ ಮಂಚದ ಅಂಚಿನಲ್ಲಿ ಕೂತು, ಪುಸ್ತಕ ನೋಡಿದೆ ಎಂದು ಹೇಳಿದೆ. ಬೈತೀನಿ ಅಂದುಕೊಂಡಳೋ ಏನೋ, ಗೋಡೆ ಕಡೆ ತಿರುಗಿದಳು.

"ಅದು ಮನುಷ್ಯರ ಅಳತೆ ಅಲ್ಲ ಕಣೇ. ಕಂಪ್ಯೂಟರ್ ಗೇಮಿನ ಗೊಂಬೇದು," ಎಂದೆ. ಸಹಿ ಮಣ್ಣು ತಿನ್ನಲಿ.

ಅವಳು ತಿರುಗಲಿಲ್ಲ. ಗೋಡೆಗೇ ಹೇಳಿದಳು. "ಗೇಮಿನ ಗೊಂಬೆಗಳು ಸುಳ್ಳು ಅಂತ ನಂಗೊತ್ತಮ್ಮಾ. ದಿನಾ ಆಡ್ತೀನಿ, ಅಷ್ಟೂ ಗೊತ್ತಾಗಲ್ವಾ? ಫೋಟೋಗಳನ್ನ ತಿದ್ದಿ ತೀಡಿ ಹಾಕ್ತಾರೆ ಅಂತಾನೂ ಗೊತ್ತು. ನಾವೆಲ್ಲ ಅದನ್ನ ನೋಡಿ ನಗ್ತೀವಿ. ಆದ್ರೆ ನಿನ್ನ ಚೀಟಿ ಹಾಗಲ್ವಲ್ಲ. ನೀನು ಟೇಪು ಹಿಡಿದ್ರೇನೇ ಬರೆಯೋದು. ಹಾಗಾದ್ರೆ ಅಂಥವಳು ಒಬ್ಳು ನಿಜವಾಗ್ಲೂ ಇದಾಳೆ, ನಮ್ಮ ಅಂಗಡಿಗೇ ಬಂದು ಹೋಗಿದಾಳೆ ಅಂದ್ಕೊಂಡೆ. ಅವಳಿಗೆ ಆಗಿದ್ದು ನಂಗ್ಯಾಕೆ ಆಗಬಾರದು ಅಂತ."

ಆಮೇಲೆ ಎಲ್ಲ ಹೇಳಿದೆ. ಕಂಪನಿಯವರು, ಸೆಂಟಿಮೀಟರ್ ಹಾಳೆ, ನೀರಿನ ಪೈಪು, ಎಲ್ಲ. ಅವಳು ಕೇಳಿಸಿಕೊಂಡಳು. ಕೊನೆಗೆ ಇಷ್ಟೇ ಅಂದಳು: "ನಾನು ಬಿದ್ದೆ ಅಂತ ಈಗ ಹೀಗೆ ಹೇಳ್ತಿದೀಯ. ಅವತ್ತು ಸುಳ್ಳಿಲ್ಲ ಅಂದೆ."

ಇಪ್ಪತ್ತೆರಡು ವರ್ಷ ಯಾರೂ ನನ್ನ ಚೀಟಿಯ ಮೇಲೆ ಬೆರಳು ತೋರಿಸಿರಲಿಲ್ಲ. ಇವತ್ತು ನನ್ನ ಮಗಳು ನನ್ನ ಮಾತು ನಂಬುತ್ತಿಲ್ಲ, ಚೀಟಿಯನ್ನೇ ನಂಬುತ್ತಿದ್ದಾಳೆ. ಸಂಜೆ ಅರ್ಧ ಲೋಟ ಹಾಲು ಕುಡಿದಳು, ಅದೂ ಅಪ್ಪ ಪಕ್ಕದಲ್ಲಿ ಕೂತು ಲಿಫ್ಟಿನಲ್ಲಿ ಸಿಕ್ಕಿಕೊಂಡ ಬ್ಯಾಂಡಿನವರ ಕಥೆ ಹೇಳಿದ್ದಕ್ಕೆ.

ಮಾರ್ಚ್ 9, ಭಾನುವಾರ

ಡಾಕ್ಟರಮ್ಮ ನಿಯಮಗಳನ್ನು ಕೊಟ್ಟಿದ್ದಾರೆ. ಮೂವರೂ ಒಟ್ಟಿಗೆ ಮೇಜಿಗೆ ಕೂರಬೇಕು. ತಿನ್ನು ತಿನ್ನು ಎಂದು ಪ್ರಾಣ ಹಿಂಡಬಾರದು. ತಟ್ಟೆಯನ್ನು ದಿಟ್ಟಿಸಬಾರದು. ಮನೆಯಲ್ಲಿ ಯಾರ ಮೈಕಟ್ಟಿನ ಸುದ್ದಿಯನ್ನೂ ಎತ್ತಬಾರದು, ದಪ್ಪವೂ ಇಲ್ಲ, ಸಣ್ಣವೂ ಇಲ್ಲ, ತಮಾಷೆಗೂ ಇಲ್ಲ.

ಈ ಕೊನೆಯದನ್ನು ಪಾಲಿಸಲು ಹೋಗಿ ನನ್ನ ಬಾಯಿಗೆ ಕೆಲಸವೇ ಇಲ್ಲದಂತಾಗಿದೆ. ಮೊದಲ ದಿನ ಹತ್ತು ಸಲವಾದರೂ ನಾಲಿಗೆ ಕಚ್ಚಿಕೊಂಡೆ. ಮನೆಯವರು ಕುರ್ಚಿಯಿಂದ ಏಳುವಾಗ, ನೆಂಟರ ಫೋನು ಬಂದಾಗ, ರಸ್ತೆಯಲ್ಲಿ ಯಾರೋ ಹೋದಾಗ. ಇಷ್ಟು ವರ್ಷ ನಾನು ಮಾತಾಡಿದ್ದೆಲ್ಲ ಅದೇನಾ?

ಅಂಗಡಿಯಲ್ಲೂ ಕಿವಿಗೊಟ್ಟು ಕೇಳುತ್ತಿದ್ದೇನೆ. ಟೇಪು ಹಿಡಿಯುವ ಮೊದಲೇ ಎಲ್ಲರೂ ನನಗೆ ಕ್ಷಮಾಪಣೆ ಹೇಳುತ್ತಾರೆ. "ಸ್ವಲ್ಪ ದಪ್ಪ ಆಗ್ಬಿಟ್ಟಿದೀನಿ ಟೇಲರಮ್ಮಾ." "ಮಗು ಆದ್ಮೇಲೆ ಹೀಗಾಯ್ತು." "ನನ್ನ ತೋಳು ನೋಡ್ಬೇಡಿ." ನಿನ್ನೆ ಅರವತ್ತು ದಾಟಿದ ಒಬ್ಬ ಅಜ್ಜಿ, ನಿವೃತ್ತ ಪೋಸ್ಟ್ ಮಾಸ್ಟರ್, ಊರಿಗೆಲ್ಲ ಗದರುವ ಹೆಂಗಸು, ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. "ಉಸಿರು ಬಿಡಿ ಅಮ್ಮಾ, ಬಟ್ಟೆ ನಿಮಗೆ ತಾನೇ ಹೊಲಿಯೋದು," ಎಂದೆ. ಹಿಂದೆಲ್ಲ ನಾನು ಸುಮ್ಮನೆ ಬರೆದುಕೊಂಡುಬಿಡುತ್ತಿದ್ದೆ.

ಮಗಳು ಮೂರು ಚಮಚ ಸೂಪು, ಒಂದು ತುಂಡು ಬ್ರೆಡ್. ಮತ್ತೆ ಮಾತಿಲ್ಲ.

ಮಾರ್ಚ್ 12, ಬುಧವಾರ

ಕಂಪನಿಯಿಂದ ಫೋನು. ಮಾಡೆಲ್ ಹುಡುಗಿ ಸಿಕ್ಕಿದ್ದಾಳೆ, ಶುಕ್ರವಾರ ಟ್ರಯಲ್. ಬೇಡ, ನನ್ನ ಕೈಲಾಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಂದು ವಿಚಾರ ಬಂತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಬಲವಂತ ಮಾಡ್ಬೇಡಿ. ಅವಳೇ ಬರ್ತೀನಿ ಅಂದ್ರೆ ಕರ್ಕೊಂಡ್ಹೋಗಿ," ಎಂದರು.

"ಶುಕ್ರವಾರ ನಕ್ಷತ್ರದ ಟ್ರಯಲ್ ಇದೆ. ಬರ್ತೀಯಾ?" ಎಂದೆ ಮಗಳಿಗೆ. "ಅವಳು ಬರ್ತಾಳಾ?" ಎಂದಳು.

"ಬಂದ್ರೆ ನಿನ್ನ ಕಣ್ಣಾರೆ ನೋಡು," ಎಂದೆ.

ಮಾರ್ಚ್ 14, ಶುಕ್ರವಾರ

ಇವತ್ತಿನದ್ದನ್ನು ಪೂರ್ತಿ ಬರೆಯಬೇಕು, ಕೈ ನೋಯಲಿ.

ಕಂಪನಿಯ ಮೀಟಿಂಗ್ ಕೋಣೆಯ ಗಾಜಿಗೆಲ್ಲ ಕಾಗದ ಅಂಟಿಸಿ ಟ್ರಯಲ್ ಕೋಣೆ ಮಾಡಿದ್ದರು. ಗೋಡೆಯ ತುಂಬ ದೊಡ್ಡ ಪರದೆಯಲ್ಲಿ ಆ ಯೋಧೆ ಕತ್ತಿ ಹಿಡಿದು ನಿಂತಿದ್ದಳು. ನನ್ನ ಮಗಳು ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಳು. ಮಾಡೆಲ್ ಹುಡುಗಿ ಬಂದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಪಾಪ, ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು, ಹಾಗಿದ್ದಳು. ಮಗಳು ಅವಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಕಸ್ಮಾತ್ ಅವಳಿಗೆ ಸರಿಹೋಗಿಬಿಟ್ಟರೆ?

ಎದೆಯ ತುಂಡು ಹೇಗೋ ಕೂತಿತು. ಸೊಂಟದ್ದು ಹಿಂದೆ ಐದಾರು ಇಂಚು ಬಾಯಿ ತೆರೆದುಕೊಂಡು ನಿಂತಿತು. ನಾನು ಒಂದು ಕಡೆ, ಮ್ಯಾನೇಜರ್ ಮೇಡಂ ಒಂದು ಕಡೆ ಎಳೆದೆವು. ಗಡ್ಡದವನನ್ನೂ ಕರೆದರು. ರೆಕ್ಸಿನ್ ಕಿರಕಿರ ಎಂದಿತೇ ಹೊರತು ಕೊಕ್ಕೆ ಕೊಕ್ಕೆಯ ಹತ್ತಿರ ಬರಲಿಲ್ಲ.

"ಹಿಂದೆ ಪೂರ್ತಿ ಬಿಚ್ಚಿ ಕ್ಲಿಪ್ ಹಾಕ್ಬಿಡಿ. ಮುಂದಿನಿಂದ ಗೊತ್ತಾಗಲ್ಲ," ಎಂದರು ಮೇಡಂ.

ಆ ಹುಡುಗಿ ತಲೆ ತಗ್ಗಿಸಿ, "ಸಾರಿ ಮೇಡಂ. ಇನ್ನೂ ಹದಿನೈದು ದಿನ ಇದೆಯಲ್ಲ, ಇಳಿಸ್ಕೋತೀನಿ. ಈಗ್ಲೂ ಬರೀ ಸೌತೆಕಾಯಿ, ನೀರಲ್ಲೇ ಇದೀನಿ. ಸಾರಿ ಟೇಲರ್ ಆಂಟಿ, ನಿಮಗೂ ತೊಂದರೆ ಆಯ್ತು," ಎಂದಳು.

ಹದಿನೈದು ದಿನದಿಂದ ಮನೆಯಲ್ಲಿ ನಾಲ್ಕು ಮಾತಾಡದ ನನ್ನ ಮಗಳು ಎದ್ದು ನಿಂತಳು. "ಅಕ್ಕಾ, ನಿಮ್ಮ ಕೈ ನಡುಗ್ತಿದೆ. ಕೂತ್ಕೊಳ್ಳಿ," ಎಂದು ತನ್ನ ಕುರ್ಚಿ ಎಳೆದು ಹಾಕಿದಳು. ಆ ಹುಡುಗಿ ಕೂರಲಿಲ್ಲ. ಆ ಉಡುಪಿನಲ್ಲಿ ಕೂರಲು ಆಗುವುದೂ ಇಲ್ಲ. ಮಗಳು ಸೀದಾ ಹೋಗಿ ಸೊಂಟದ ತುಂಡನ್ನು ಸಡಿಲ ಮಾಡಿದಳು. "ನೀವ್ಯಾಕೆ ಸಾರಿ ಕೇಳ್ತೀರಾ? ತಪ್ಪು ನಿಮ್ಮದಲ್ಲ, ಚೀಟೀದು."

ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಟೇಪು ಹಿಡಿ," ಎಂದಳು.

ಹಿಡಿದೆ. ಮಗಳು ಹತ್ತಿರ ಬಂದು ಬಗ್ಗಿ, ಟೇಪಿನ ತುದಿಯನ್ನು ತಾನೇ ಬೆರಳಲ್ಲಿ ಒತ್ತಿ ಹಿಡಿದು ಓದಿದಳು. ಇಪ್ಪತ್ನಾಲ್ಕು. ಊರಲ್ಲೆಲ್ಲ ಹುಡುಕಿ ತಂದ ಹುಡುಗಿ, ಸೌತೆಕಾಯಿ ತಿಂದುಕೊಂಡಿರುವ ಹುಡುಗಿ, ಇಪ್ಪತ್ನಾಲ್ಕು. ಮಗಳು ಇನ್ನೊಂದು ಸಲ ಓದಿದಳು. ಅವಳ ಮುಖದ ಬಿಗಿ ಒಂದಿಷ್ಟು ಸಡಿಲವಾದದ್ದನ್ನು ನಾನು ನೋಡಿದೆ, ನೋಡದ ಹಾಗೆ ನಿಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಪರದೆಗೆ ಕೈ ತೋರಿಸಿ ಗಡ್ಡದವನಿಗೆ ಹೇಳಿದೆ: "ಇಲ್ಲಿ ಪಕ್ಕೆಲುಬು ಎಲ್ಲಿಡ್ತೀಯಪ್ಪಾ? ಕರುಳು ಎಲ್ಲಿಡ್ತೀಯ? ಇವಳು ಕತ್ತಿ ಎತ್ತೋದಿರಲಿ, ಒಂದು ಸಲ ಕೆಮ್ಮಿದ್ರೆ ಎರಡು ತುಂಡಾಗ್ತಾಳೆ. ನಾನು ಇದನ್ನ ನೀರಿನ ಪೈಪಿನ ಮೇಲೆ ಹೊಲಿದಿದೀನಿ, ಗೊತ್ತಾ? ಮನುಷ್ಯರು ಸಿಗಲಿಲ್ಲ ಅಂತ!"

"ಯಾರಿಗಾದ್ರೂ ಸರಿಹೋಗುತ್ತೆ ಅನ್ಕೊಂಡಿದ್ವಿ," ಎಂದರು ಮೇಡಂ, ಮೆಲ್ಲಗೆ.

"ನಾನೂ ಹಾಗೇ ಅನ್ಕೊಂಡು ಹೊಲಿದೆ. ಅದೇ ತಪ್ಪಾಗಿದ್ದು."

ಗಡ್ಡದವನು ಕಂಪ್ಯೂಟರಿನಲ್ಲಿ ಏನೇನೋ ಹುಡುಕಿ ಒಂದು ಹಳೆಯ ಚಿತ್ರ ಪರದೆಗೆ ಹಾಕಿದ. ಅದೇ ಯೋಧೆ, ಆದರೆ ಬೇರೆ. ಅಗಲ ಭುಜ, ಗಟ್ಟಿ ನಡು, ನೆಲದ ಮೇಲೆ ಪಾದ ಊರಿ ನಿಂತಿದ್ದಾಳೆ. ಹೊಟ್ಟೆಯ ಮೇಲೆ ಚರ್ಮದ ಕವಚ ಇದೆ.

"ಮೊದ್ಲು ಹೀಗೇ ಬಿಡಿಸಿದ್ದೆ ಆಂಟಿ. ಪ್ರತಿ ಮೀಟಿಂಗಲ್ಲೂ ಇನ್ನೊಂಚೂರು ಸಣ್ಣ ಮಾಡು, ಇನ್ನೊಂಚೂರು ಅಂದ್ರು. ಹನ್ನೊಂದು ಮೀಟಿಂಗ್ ಆಯ್ತು."

"ಇದು ಯಾರು?" ಎಂದು ಕೇಳಿದ್ದು ನನ್ನ ಮಗಳು.

"ನಮ್ಮಕ್ಕ. ಅಗ್ನಿಶಾಮಕ ದಳದಲ್ಲಿದಾಳೆ. ಏಣಿ ಹತ್ತಿ ಜನಾನ ಹೆಗಲ ಮೇಲೆ ಹೊತ್ಕೊಂಡು ಇಳೀತಾಳೆ."

"ಅವರಿಗೆ ತೋರಿಸಿದ್ರಾ?"

"ಇದನ್ನ ತೋರಿಸಿದ್ದೆ, ಖುಷಿಪಟ್ಟಿದ್ಲು. ಕೊನೇದನ್ನ ತೋರಿಸೋಕೆ ಮುಖ ಇರಲಿಲ್ಲ."

ಮಗಳು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. ಭುಜಗಳನ್ನೇ ನೋಡುತ್ತಿದ್ದಳು ಎಂದು ನನಗನ್ನಿಸಿತು. ಬಸ್ಸಿನಲ್ಲಿ ಬರುವಾಗ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ನಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದರೂ ಎಬ್ಬಿಸಲಿಲ್ಲ.

ಮಾರ್ಚ್ 17, ಸೋಮವಾರ

ಇವತ್ತು ಬೆಳಿಗ್ಗೆಯಿಂದ ಏನೂ ಮುಟ್ಟಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡಿದ್ದ ನನಗೆ ಜೀವವೇ ಕುಸಿದಂತಾಯಿತು. ಡಾಕ್ಟರಮ್ಮ, "ಇಂಥ ದಿನಗಳು ಇನ್ನೂ ಬರ್ತವೆ, ನೀವು ಮೇಜಿಗೆ ಕೂರೋದು ಬಿಡಬೇಡಿ," ಎಂದರು. ಕೂತೆವು.

ಮಾರ್ಚ್ 23, ಭಾನುವಾರ

ಉಡುಪನ್ನು ಪೂರ್ತಿ ಬಿಚ್ಚಿ ಮಾಡೆಲ್ ಹುಡುಗಿಯ ಅಳತೆಗೆ ಹೊಸದಾಗಿ ಹೊಲಿದೆ. ಕೂತರೆ, ಬಗ್ಗಿದರೆ, ಕೈ ಎತ್ತಿದರೆ ಸಾಲುವಷ್ಟು ಸಡಿಲ ಬಿಟ್ಟೆ. ಹೊಟ್ಟೆಗೆ ಕವಚ ಬೇಕೇ ಬೇಕು ಎಂದು ಹಟ ಹಿಡಿದು ಹಾಕಿದೆ. ಮೇಡಂ ಮೊದಲು ಮುಖ ಸಿಂಡರಿಸಿ, ಆಮೇಲೆ ಮುಂದೆ ಹಿಂದೆ ನೋಡಿ, "ಚೆನ್ನಾಗೇ ಇದೆಯಲ್ಲ," ಎಂದರು. ಆ ಹುಡುಗಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ತೋರಿಸಿದಳು. ನಾನು ಕಟ್ಟಿಕೊಂಡು ಹೋಗಿದ್ದ ಬ್ರೆಡ್ಡು ಜಾಮನ್ನು ಅವಳಿಗೇ ಕೊಟ್ಟೆ, ಸುತ್ತ ನೋಡಿ ಗಬಗಬ ತಿಂದಳು.

ಪರದೆಯ ಮೇಲಿನವಳು ಮಾತ್ರ ಹಾಗೇ ಇದ್ದಾಳೆ. ಕಂಪನಿಯ ದೊಡ್ಡವರು ಬಂದಿದ್ದರು. ಈಗ ಬದಲಾಯಿಸಲು ಸಮಯವಿಲ್ಲ, ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲ ಎಂದರೆ ಯಾವಾಗ, ಬರೆದುಕೊಳ್ಳಿ ಎಂದೆ. ನಗುತ್ತಾ ನಿಂತಿದ್ದವರು, ನಾನು ನಗದೇ ಇರುವುದನ್ನು ನೋಡಿ ಗಡ್ಡದವನಿಗೆ, "ಆ ಮೊದಲನೇ ಚಿತ್ರ ನನಗೆ ಕಳಿಸು," ಎಂದರು. ಆಗುತ್ತದೋ ಬಿಡುತ್ತದೋ. ಗಡ್ಡದವನು ಒಂದು ಶರ್ಟಿಗೆ ಅಳತೆ ಕೊಟ್ಟಿದ್ದಾನೆ. ಎದೆ ಉಬ್ಬಿಸಿ ನಿಂತಿದ್ದ, ಉಸಿರು ಬಿಡಿಸಿ ಬರೆದುಕೊಂಡೆ.

ಅಂಗಡಿಯಲ್ಲಿ ಮಗಳು ಕಾಜಾ ಹಾಕಲು ಕೂರುತ್ತಿದ್ದಾಳೆ. ಕೈ ಚುರುಕು.

ಏಪ್ರಿಲ್ 6, ಭಾನುವಾರ

ಡಾಕ್ಟರಮ್ಮ ಈಜಲು ಒಪ್ಪಿಗೆ ಕೊಟ್ಟಿದ್ದಾರೆ, ಅರ್ಧ ಗಂಟೆ, ಮೆಲ್ಲಗೆ. ಭಾನುವಾರ ಗಿರಾಕಿಗಳು ಜಾಸ್ತಿ, ಹಾಗಾಗಿ ಇಷ್ಟು ವರ್ಷ ಒಮ್ಮೆಯೂ ಅವಳ ಈಜು ನೋಡಲು ಹೋಗಿರಲಿಲ್ಲ. ಇವತ್ತು ಅಂಗಡಿ ಬಾಗಿಲು ಹಾಕಿ ಹೋದೆ.

ಕೊಳದ ಪಕ್ಕದ ಸಿಮೆಂಟಿನ ಮೆಟ್ಟಿಲ ಮೇಲೆ ಕೂತೆ. ಬೇಕೆಂದೇ ಏನೂ ತೆಗೆದುಕೊಂಡು ಹೋಗಿರಲಿಲ್ಲ. ಡಬ್ಬಿ ಕಂಡರೆ ಅವಳಿಗೆ ನಾನು ಕಾವಲು ಕೂತ ಹಾಗೆ ಆಗುತ್ತದೆ. ಅವಳು ನೀರಿಗೆ ಧುಮುಕಿದಳು. ಒಂದು ತೋಳು ಎತ್ತಿ ಹಾಕಿದರೆ ಎಷ್ಟು ದೂರ ಹೋಗುತ್ತಾಳೆ! ಆ ಬೆನ್ನು, ಆ ಭುಜ ತಿರುಗುವುದನ್ನು ನೋಡುತ್ತಾ ಕೂತಿದ್ದೆ. ಅಕ್ಕಪಕ್ಕದ ಸಾಲಿನ ಹುಡುಗರೆಲ್ಲ ನೀರು ಬಡಿಯುತ್ತಿದ್ದರು, ಇವಳು ಸದ್ದೇ ಇಲ್ಲದೆ ದಾಟಿ ಹೋದಳು. ಪಕ್ಕದಲ್ಲಿ ಕೂತಿದ್ದ ಯಾರಿಗೋ, "ನನ್ನ ಮಗಳು," ಎಂದೆ. ಅವರು ಏನೂ ಕೇಳಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ನೀರು ತೊಟ್ಟಿಕ್ಕಿಸುತ್ತಾ ಬಂದು ನನ್ನ ಮುಂದೆ ನಿಂತಳು.

"ಏನಾದ್ರೂ ತಂದಿದೀಯಾ?"

"ಇಲ್ವಲ್ಲೇ."

"ಏನಮ್ಮಾ ನೀನು! ಹೊಟ್ಟೆ ಚುರುಗುಟ್ತಿದೆ ನಂಗೆ."

ಅವಳು ಬಿದ್ದು ಮೂವತ್ತೆಂಟು ದಿನ. ಮೂವತ್ತೆಂಟು ದಿನದಲ್ಲಿ ಅವಳ ಬಾಯಲ್ಲಿ ಈ ಮಾತು ಬಂದಿರಲಿಲ್ಲ. ನಾನು ಚಪ್ಪಲಿ ಬಿಟ್ಟೇ ಕ್ಯಾಂಟೀನಿಗೆ ಓಡಿದೆ. ಮುಂದೆ ನಿಂತ ಇಬ್ಬರನ್ನು ದಾಟಿ ಕೈ ಚಾಚಿ, ಬನ್ನು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳಿದೆ.

"ಎಷ್ಟು ಜನಕ್ಕಮ್ಮಾ?" ಎಂದ ಕ್ಯಾಂಟೀನಿನವನು.

"ಒಬ್ಳಿಗೇ," ಎಂದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನು ಗಾಬರಿಯಾಗಿ ಬೆಣ್ಣೆ ಎರಡು ಪಟ್ಟು ಸವರಿಕೊಟ್ಟ.

ಮಡಿಲ ತುಂಬ ತಂದು ಸುರಿದದ್ದನ್ನು ನೋಡಿ ಮಗಳು, "ಹಸಿವು ಅಂದೆ ಕಣಮ್ಮಾ, ಊರಿಗೆಲ್ಲ ಊಟ ಹಾಕು ಅನ್ನಲಿಲ್ಲ," ಎಂದಳು. ಎರಡು ಬನ್ನು ತಿಂದಳು. ಒಂದು ಮೊಟ್ಟೆ. ಅರ್ಧ ಬಾಳೆಹಣ್ಣು. ನಾನು ನೋಡದ ಹಾಗೆ ಕೊಳದ ಕಡೆ ತಿರುಗಿ ಕೂತಿದ್ದೆ, ಆದರೂ ಅಷ್ಟೂ ನೋಡಿದೆ. ಮೂರನೇ ಬನ್ನನ್ನು ಮುರಿದು, "ನೀನೂ ತಿನ್ನು, ಸುಮ್ನೆ ಅಳ್ತಾ ಕೂರಬೇಡ," ಎಂದು ನನ್ನ ಕೈಗಿಟ್ಟಳು. ಬೆಣ್ಣೆ ಬೆರಳಿಗೆಲ್ಲ ಹತ್ತಿತ್ತು. ಚೆನ್ನಾಗಿತ್ತು, ಬೆರಳು ನೆಕ್ಕಿಕೊಂಡು ತಿಂದೆ.

ಇನ್ನೊಂದೇ ಒಂದು ಸುತ್ತು ಈಜುತ್ತೇನೆ ಎಂದು ಅವಳು ಎದ್ದಳು. ಕೋಚ್ ದೂರದಿಂದಲೇ ಸೀಟಿ ಊದಿ ಕೂಗಿದರು: "ಏಯ್, ಹೊಟ್ಟೆ ತುಂಬ ತಿಂದು ನೀರಿಗೆ ಇಳೀತಾರೇನೇ? ಬುದ್ಧಿ ಇಲ್ವಾ? ತಿನ್ನಿಸಿದ ಆ ಅಮ್ಮಂಗಾದ್ರೂ ಗೊತ್ತಾಗಬೇಡ್ವಾ? ಕೂತ್ಕೊಳ್ಳಿ ಇಬ್ರೂ ಅಲ್ಲೇ!"

ಇಬ್ಬರೂ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತೆವು. ಜನ್ಮದಲ್ಲಿ ಇಷ್ಟು ಒಳ್ಳೆಯ ಬೈಗುಳ ತಿಂದಿರಲಿಲ್ಲ.